ಸೋರುವ ಕಟ್ಟೆ

ಹೋದ ತಿಂಗಳು ಸಿಂಧನೂರಿನ ನಮ್ಮ ಮನೆಯ ಸಂಪು ತೊಳೆಸಿದೆವು. ಕೆಲಸದವರು ನೀರು ಖಾಲಿ ಮಾಡಿ, ತಳದಲ್ಲಿ ಕೂತಿದ್ದ ಹೂಳನ್ನು ಬುಟ್ಟಿಯಲ್ಲಿ ಮೇಲೆತ್ತಿದರು. ಪಾಚಿ, ಕಲ್ಲು, ಬಹಳ ದಿನ ಬೆಳಕು ಕಾಣದ ಮಣ್ಣು, ಎಲ್ಲ ಕೂಡಿದ ಒಂದು ತಣ್ಣನೆಯ ವಾಸನೆ ಅಂಗಳದ ತುಂಬ ಹರಡಿತು. ನಾನು ಕೈಯಲ್ಲಿ ಚಹದ ಕಪ್ಪು ಹಿಡಿದುಕೊಂಡೇ ನಿಂತುಬಿಟ್ಟೆ. "ಯಾಕ, ಏನಾತು?" ಎಂದರು ಮನೆಯವರು. ಏನಿಲ್ಲ ಎಂದೆ. ಆ ಹೊತ್ತಿಗೆ ನಾನು ಮಸ್ಕಿಯ ಆಚೆಗಿನ ಒಂದು ಬಾವಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದೆ.

ಡಿಪ್ಲೊಮಾ ಮುಗಿಸಿ ಜವಳಗೇರಾದ ಮನೆಯಲ್ಲಿ ಖಾಲಿ ಕೂತಿದ್ದಾಗ ನನಗೆ ಸಿಕ್ಕ ಮೊದಲ ಕೆಲಸ ಅದು. ಅಂತರ್ಜಲದ ಯಾವುದೋ ಅಧ್ಯಯನ. ಒಂದು ವರ್ಷದ ಮಟ್ಟಿಗೆ ಒಂದೇ ಊರಿನ ಹನ್ನೊಂದು ಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ವಾರಕ್ಕೊಮ್ಮೆ ಅಳೆದು ಬರೆದುಕೊಳ್ಳಬೇಕು, ಅಷ್ಟೇ. ತುದಿಗೆ ಕಬ್ಬಿಣದ ಗುಂಡು ಕಟ್ಟಿದ ಒಂದು ಅಳತೆ ಹಗ್ಗ ಕೊಟ್ಟಿದ್ದರು. ಅದನ್ನು ಇಳಿಬಿಟ್ಟರೆ ಗುಂಡು ನೀರು ಮುಟ್ಟಿದಾಗ 'ಡುಬುಕ್' ಎನ್ನುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಹಗ್ಗ ಹಿಡಿದು, ಅಡಿ ಎಣಿಸಿ, ಪುಸ್ತಕದಲ್ಲಿ ಬರೆಯುವುದು. "ಓದಿಸಿದ್ದು ಇದಕ್ಕೇನವ್ವ?" ಎಂದು ನಮ್ಮಪ್ಪ ನಕ್ಕಿದ್ದರು. ಅವರು ಜೀವನವಿಡೀ ಭತ್ತದ ಗದ್ದೆಯ ಕೆಸರಿನಲ್ಲಿ ನಿಂತು ಕೂಲಿ ಮಾಡಿದವರು. ನಮ್ಮ ಕಡೆ ನೀರೆಂದರೆ ಕೆನಾಲಿನಲ್ಲಿ ಬರುವುದು. ಎಲ್ಲೋ ಯಾರೋ ಗೇಟು ಎತ್ತುತ್ತಾರೆ, ಇಲ್ಲಿ ನೀರು ಬರುತ್ತದೆ. ಅದು ಹುಟ್ಟುವುದನ್ನು ನಮ್ಮಲ್ಲಿ ಯಾರೂ ಕಂಡವರಲ್ಲ.

ಮಸ್ಕಿಯಲ್ಲಿ ಒಂದು ಕೋಣೆ ಹಿಡಿದೆ. ಊರು ಅಲ್ಲಿಂದ ಲಿಂಗಸೂಗೂರಿನ ಕಡೆಗೆ, ದೊಡ್ಡ ರಸ್ತೆ ಬಿಟ್ಟು ಒಳಗೆ ಮೂರು ಮೈಲಿ. ಬಸ್ಸಿಳಿದು ನಡೆಯಬೇಕು. ನಮ್ಮ ಕಡೆಯ ಕರಿಯ ಎರಿನೆಲ ಅಲ್ಲಿಲ್ಲ. ಕೆಂಪು ಮಸಾರಿ ಮಣ್ಣು, ಕಾಲಿಗೆ ಹರಳು, ಅಲ್ಲಲ್ಲಿ ಆನೆ ಮಲಗಿದಂತೆ ಬಂಡೆಗುಂಡು. ಊರಿನ ಮೇಲ್ಭಾಗದಲ್ಲಿ ಎರಡು ಗುಡ್ಡಗಳ ನಡುವೆ ಒಂದು ಹಳ್ಳ ಇಳಿಯುತ್ತದೆ. ಆ ಹಳ್ಳಕ್ಕೆ ಅಡ್ಡಲಾಗಿ ಒಂದು ಮಣ್ಣಿನ ಕಟ್ಟೆ. ಸರ್ಕಾರದ್ದಲ್ಲ, ಅಮರೇಗೌಡರ ಸ್ವಂತದ್ದು. ಅವರ ಅಪ್ಪ ತಮ್ಮ ಹೊಲದಲ್ಲೇ ಎತ್ತು ಕಟ್ಟಿ, ಮಣ್ಣು ಎಳೆಸಿ, ತುಳಿಸಿ, ನಾಲ್ಕು ಬೇಸಿಗೆ ದುಡಿದು ಹಾಕಿಸಿದ್ದಂತೆ. ಕಟ್ಟೆಯ ಕೆಳಗೆ ಗೌಡರ ಒಂದಿಷ್ಟು ಹೊಲ, ಅದರ ಕೆಳಗೆ ಬೇರೆಯವರ ಹೊಲ, ಇನ್ನೂ ಕೆಳಗೆ ಕೇರಿಯವರ ಹೊಲ. ನನ್ನ ಹನ್ನೊಂದು ಬಾವಿಗಳೂ ಆ ಇಳಿಜಾರಿನಲ್ಲೇ ಇದ್ದವು. ಗೌಡರದು ಮಾತ್ರ ಒಂದೂ ಇರಲಿಲ್ಲ. ಕಟ್ಟೆ ಇರುವವನಿಗೆ ಬಾವಿ ಯಾಕೆ ಎಂಬುದು ಅವರ ಅಪ್ಪನ ಕಾಲದಿಂದ ಬಂದ ಮಾತು.

ಗೌಡರಿಗೆ ಆಗ ಅರವತ್ತು ದಾಟಿತ್ತು. ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. ಸಂಜೆ ಕೈಯಲ್ಲಿ ಬಡಿಗೆ ಹಿಡಿದು ಕಟ್ಟೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುವರು. ಇಲಿ ಬಿಲ ಕಂಡರೆ ತಾವೇ ಕೂತು ಕಲ್ಲು ಜಡಿದು ಮಣ್ಣು ತುಂಬುವರು. ಮೊದಲ ದಿನ ನನ್ನನ್ನು ತಡೆದು ಕೇಳಿದರು.

"ಯಾರವ್ವ ನೀ? ಬಾವ್ಯಾಗ ಏನು ಹುಡಕಾಕತ್ತಿ?"

"ನೀರು ಎಷ್ಟು ಐತಿ ಅಂತ ಅಳಿಯಾಕತ್ತೀನ್ರಿ."

"ಅಳದರ ಹೆಚ್ಚಾಗತೈತೇನು?"

"ಇಲ್ರಿ. ಗೊತ್ತಾಗತೈತಿ."

ಗೌಡರು ನಕ್ಕು, ಮನೆಯ ಹೊರಗಿನ ಜಗಲಿಕಟ್ಟೆಯ ಮೇಲೆ ಕೂಡಿಸಿ ಚಹ ಕುಡಿಸಿದರು. ಅಂದಿನಿಂದ ಊರಿಗೆ ನಾನು 'ಹಗ್ಗದ ಮೇಡಂ' ಆದೆ. ಅಂದೇ ಅವರು ತಮ್ಮ ನೋವನ್ನೂ ಹೇಳಿಕೊಂಡರು. ಕಟ್ಟೆ ಸೋರುತ್ತದೆ. ಭಾದ್ರಪದದಲ್ಲಿ ತುಂಬಿದ ನೀರು ಸಂಕ್ರಾಂತಿಗೆ ಇರುವುದಿಲ್ಲ. ಒಡ್ಡಿನಲ್ಲಿ ಒಂದು ಬಿರುಕಿಲ್ಲ, ಎಲ್ಲಿಯೂ ನೀರು ಜಿನುಗುವುದು ಕಾಣುವುದಿಲ್ಲ, ಆದರೂ ಇಳಿಯುತ್ತದೆ. ಮಸ್ಕಿಯ ಚಹದಂಗಡಿಯಲ್ಲಿ ಅವರನ್ನು ಕಂಡರೆ ಜನ "ತೂತಿನ ಕಟ್ಟಿ ಗೌಡ್ರು ಬಂದ್ರು" ಎನ್ನುತ್ತಿದ್ದರಂತೆ. "ನಮ್ಮಪ್ಪ ಕಟ್ಟಿದ್ದವ್ವ. ಅದಕ್ಕ ಜನ ನಗತಾರ" ಎಂದು ಬಡಿಗೆಯಿಂದ ನೆಲ ಗೀರಿದರು.

ನನಗೆ ಕನಿಕರ ಬಂತು. ತಿಳಿದದ್ದನ್ನು ಹೇಳಿದೆ. "ನಮ್ಮ ಕಡೆ ಎರಿಮಣ್ಣು ಐತ್ರಿ. ಒಮ್ಮೆ ತುಳದು ಕೆಸರು ಮಾಡಿದ್ರ ಹನಿ ನೀರು ಕೆಳಗ ಬಿಡಂಗಿಲ್ಲ. ಅದಕ್ಕ ಭತ್ತ ನಿಲ್ಲತೈತಿ." ಗೌಡರು ನನ್ನ ಮುಖವನ್ನೇ ನೋಡಿದರು. "ಎರಿಮಣ್ಣು" ಎಂದು ಒಂದು ಸಲ ತಮಗೆ ತಾವೇ ಹೇಳಿಕೊಂಡರು. ಆ ಮಾತನ್ನು ನಾನು ಅಲ್ಲೇ ಮರೆತೆ. ಅವರು ಮರೆಯಲಿಲ್ಲ.

ಆ ವರ್ಷ ಮುಂಗಾರು ಆಟವಾಡಿತು. ಸಜ್ಜೆ ಮೊಣಕಾಲೆತ್ತರಕ್ಕೆ ಬಂದು ಬಾಡಿತು. ಬಾವಿಗಳಲ್ಲಿ ಗುಂಡು ವಾರದಿಂದ ವಾರಕ್ಕೆ ಇನ್ನಷ್ಟು ಕೆಳಗೆ ಹೋಗುತ್ತಿತ್ತು. ಕೇರಿಯ ಹುಲಿಗೆವ್ವನ ಬಾವಿಯಲ್ಲಿ ಆಗಸ್ಟ್ ಕೊನೆಗೆ ಮೂವತ್ತೆರಡು ಅಡಿ ಹಗ್ಗ ಬಿಟ್ಟರೂ ಸದ್ದು ಬರಲಿಲ್ಲ, ಗುಂಡು ಕೆಸರಿಗೆ ಬಿತ್ತು. ಆಮೇಲೆ ಉತ್ತರಿ ಮಳೆ ಹಿಡಿಯಿತು.

ನಾನು ಆ ದಿನ ಕಟ್ಟೆಯ ಮೇಲಿದ್ದೆ. ಮಧ್ಯಾಹ್ನ ಗುಡ್ಡದ ಆಚೆ ಕಪ್ಪಾಯಿತು. ಊರಿನಲ್ಲಿ ಒಂದು ಹನಿ ಇಲ್ಲ. ಒಣಹಳ್ಳದ ಉಸುಕಿನಲ್ಲಿ ನಾಲ್ಕು ಆಡುಗಳು ಮೇಯುತ್ತಿದ್ದವು. ಒಮ್ಮೆಗೇ ಅವು ತಲೆಯೆತ್ತಿ ದಡ ಹತ್ತಿದವು. ಗೌಡರು "ಬಂತು" ಎಂದರು. ನನಗೇನೂ ಕಾಣಲಿಲ್ಲ. ಆಮೇಲೆ ದೂರದ ತಿರುವಿನಲ್ಲಿ ಒಂದು ಕಂದು ಗೆರೆ ಕಂಡಿತು. ಅದು ಕಸಕಡ್ಡಿ, ಒಣಗಿದ ಸಗಣಿ, ನೊರೆ ಎಲ್ಲವನ್ನೂ ಮುಂದೆ ದಬ್ಬಿಕೊಂಡು, ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಬರುತ್ತಿತ್ತು. ಅದರ ಮುಂದೆ ಸಾವಿರಾರು ಇರುವೆ, ಜೀರುಂಡೆ, ಚೇಳು ಓಡುತ್ತಿದ್ದವು. ನೀರಿಗೆ ಮುಂಚೆ ಅದರ ಉಸಿರು ಬಂದು ಮುಖಕ್ಕೆ ತಣ್ಣಗೆ ತಗಲಿತು. ಕೆನಾಲಿನ ದಡದಲ್ಲಿ ಹುಟ್ಟಿ ಬೆಳೆದ ನಾನು ಅಂದು ಮೊದಲ ಸಲ ನೀರು ಬರುವುದನ್ನು ಕಂಡೆ. ಗೌಡರು ಕಾಲಿನ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದರು. ನಾನೂ ಚಪ್ಪಲಿ ಬಿಟ್ಟೆ.

ಆರು ದಿನದಲ್ಲಿ ಕಟ್ಟೆ ತುಂಬಿ ಕೋಡಿ ಹರಿಯಿತು. ಮಳೆ ಇನ್ನೆರಡು ವಾರ ಬಿಟ್ಟು ಬಿಟ್ಟು ಬಂದು ನಿಂತುಹೋಯಿತು. ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಯಿತು. ಮಳೆ ನಿಂತ ಮೇಲೆ ಬಾವಿಗಳೂ ಇಳಿಯಬೇಕೆಂದು ನಾನು ತಿಳಿದಿದ್ದೆ. ಅವು ಇಳಿಯಲಿಲ್ಲ. ದೀಪಾವಳಿಯ ವಾರ ಹುಲಿಗೆವ್ವನ ಬಾವಿ ಇಪ್ಪತ್ತೇಳು ಅಡಿ. ಮುಂದಿನ ವಾರ ಇಪ್ಪತ್ತೈದೂವರೆ. ಅದರ ಮುಂದಿನ ವಾರ ಇಪ್ಪತ್ತನಾಲ್ಕು. ಹಗ್ಗ ಹಿಗ್ಗಿದೆಯೋ ಏನೋ ಎಂದು ಕೋಣೆಗೆ ಒಯ್ದು ಗೋಡೆಗೆ ಹಿಡಿದು ಅಳೆದೆ. ಹಗ್ಗ ಸರಿಯಿತ್ತು. ಒಂದು ಹನಿ ಮಳೆ ಇಲ್ಲದೆ, ಬಿಸಿಲು ಸುಡುತ್ತಿರುವಾಗ, ಹನ್ನೊಂದು ಬಾವಿಗಳಲ್ಲಿ ಒಂಬತ್ತರಲ್ಲಿ ನೀರು ತಾನಾಗಿ ಏರುತ್ತಿತ್ತು. ಮೊದಲು ಮೇಲಿನ ಬಾವಿ, ಎರಡು ವಾರ ಬಿಟ್ಟು ಅದರ ಕೆಳಗಿನದು, ಆಮೇಲೆ ಕೇರಿಯದು. ನೆಲದೊಳಗೆ ಏನೋ ಒಂದು ಬಾವಿಯಿಂದ ಬಾವಿಗೆ ನಡೆದು ಬರುತ್ತಿರುವಂತೆ. ಪುಸ್ತಕದ ಅಂಕಿಗಳ ಮೇಲೆ ಬೆರಳಾಡಿಸುತ್ತ ನನಗೆ ಮೈ ಜುಮ್ಮೆಂದಿತು.

ಆ ಅಂಕಿಗಳನ್ನು ನಾನು ಮೊದಲು ತೋರಿಸಿದ್ದು ಹುಲಿಗೆವ್ವನಿಗೆ. ಐವತ್ತರ ಹೆಂಗಸು, ಮೂರೆಕರೆಯಲ್ಲಿ ಉಳ್ಳಾಗಡ್ಡಿ, ಬದನೆ, ಮೆಂತ್ಯ ಬೆಳೆದು ಮಸ್ಕಿಯ ಸಂತೆಗೆ ಹೊರುವವಳು. ಆ ಬಾವಿಯನ್ನು ಅವಳೂ ಅವಳ ಗಂಡನೂ ಅತ್ತೆಯೂ ಸೇರಿ ತೋಡಿದ್ದರು, ಈಗ ಅವಳೊಬ್ಬಳೇ. ಅವಳ ಮನೆಯ ಗೋಡೆಯ ಮೇಲೆ ನಮ್ಮ ಮನೆಯಲ್ಲಿದ್ದಂಥವೇ ಎರಡು ಫೋಟೋಗಳಿದ್ದವು, ಬುದ್ಧನದು ಒಂದು, ಬಾಬಾಸಾಹೇಬರದು ಒಂದು. ಮೊದಲ ದಿನ ಅವನ್ನು ನೋಡಿದ ನನ್ನ ಕಣ್ಣನ್ನು ಅವಳು ನೋಡಿದ್ದಳು. ಅಂದಿನಿಂದ ನಾನು ಅವಳಿಗೆ ಮೇಡಂ ಅಲ್ಲ, ತಂಗಿ.

"ಅಕ್ಕಾ, ಇದು ಗೌಡ್ರ ಕಟ್ಟಿ ನೀರು. ಅಲ್ಲಿ ಇಳದಂಗ ಇಲ್ಲಿ ಏರಾಕತ್ತೈತಿ."

ಅವಳು ಮೆಂತ್ಯದ ಸಿವುಡು ಕಟ್ಟುತ್ತ ತಲೆಯೆತ್ತದೆ ಹೇಳಿದಳು. "ನಮಗ ಗೊತ್ತಿಲ್ಲೇನು? ನಮ್ಮತ್ತಿ ಕಾಲದಿಂದ ಗೊತ್ತೈತಿ. ಕಟ್ಟಿ ತುಂಬಿದ ವರ್ಷ ಬಾವಿ ಹಡೀತೈತಿ."

"ಮತ್ತ ಗೌಡ್ರಿಗೆ ಯಾಕ ಹೇಳಿಲ್ಲ?"

"ಹೇಳಿದ್ರ ಬಂದ್ ಮಾಡ್ತಾರ."

ಅಷ್ಟೇ ಹೇಳಿ ನನ್ನನ್ನು ದಿಟ್ಟಿಸಿದಳು. ಆಮೇಲೆ, "ನೀನೂ ಹೇಳಬ್ಯಾಡ" ಎಂದಳು. ನಾನು ಹೂಂ ಎಂದೆ. ಇಷ್ಟು ವರ್ಷ ಒಂದು ಇಳಿಜಾರಿನ ಅರ್ಧ ಊರು ಒಂದು ಗುಟ್ಟನ್ನು ಬಾಯಲ್ಲಿಟ್ಟುಕೊಂಡು ಕೂತಿತ್ತು. ತೂತಿನ ಕಟ್ಟೆ ಎಂದು ನಗುತ್ತಿದ್ದವರಲ್ಲಿ ಇವರೂ ಇದ್ದರು, ನಕ್ಕರೆ ಯಾರಿಗೂ ಅನುಮಾನ ಬರುವುದಿಲ್ಲವೆಂದು.

ಸಂಕ್ರಾಂತಿ ಕಳೆಯಿತು. ಕಟ್ಟೆಯ ಅಂಗಳ ಒಣಗಿ ಬಿರಿಯಿತು. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಬಸ್ಸಿಳಿದು ನಡೆದು ಬರುವಾಗ ಹಿಂದಿನಿಂದ ಎರಡು ಟಿಪ್ಪರುಗಳು ಧೂಳೆಬ್ಬಿಸುತ್ತ ನನ್ನನ್ನು ದಾಟಿ ಹೋದವು. ಅವುಗಳಲ್ಲಿದ್ದುದು ಕರಿಯ ಮಣ್ಣು. ಆ ಕೆಂಪು ನೆಲದಲ್ಲಿ ಆ ಕಪ್ಪು ಎಷ್ಟು ದೂರದಿಂದಲೂ ಕಾಣುತ್ತಿತ್ತು. ಕಟ್ಟೆಯ ದಡದಲ್ಲಿ ಗೌಡರು ನಿಂತಿದ್ದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಬಾರವ್ವ, ಬಾ. ನೀ ಹೇಳಿದ ಎರಿಮಣ್ಣು. ಇನ್ನೂ ಬರೋದೈತಿ. ಅಂಗಳಕ್ಕೆಲ್ಲ ಗೇಣು ದಪ್ಪ ಹಾಸಿ, ನೀರು ಹೊಡದು, ದನಾ ಬಿಟ್ಟು ತುಳಸ್ತೀನಿ. ಮುಂದಿನ ಸಂಕ್ರಾಂತಿಗೆ ಇಲ್ಲಿ ಈಸು ಬೀಳಬೇಕು ಹಂಗ ಮಾಡ್ತೀನಿ."

ಆ ದಿನ ಒಂದು ಬಾವಿಯನ್ನೂ ಅಳೆಯದೆ ಹುಲಿಗೆವ್ವನ ಬಳಿ ಹೋಗಿ ಇದ್ದದ್ದನ್ನು ಹೇಳಿದೆ. ಎರಿಮಣ್ಣಿನ ಮಾತು ನನ್ನ ಬಾಯಿಂದಲೇ ಹೋದದ್ದು ಎಂಬುದನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಬಾವಿಯ ದಂಡೆಯ ಮೇಲೆ ಕೂತು ಒಳಗೆ ನೋಡಿದಳು.

"ಸುಮ್ನಿದ್ರೂ ಬಂದ್ ಆಗತೈತಿ" ಎಂದಳು. "ಹೇಳಿದ್ರೂ ಬಂದ್ ಆಗತೈತಿ. ಹೌದಿಲ್ಲೋ?"

"ಹೌದಕ್ಕ."

"ಹಂಗಾರ ಹೇಳು. ಹೇಳಿ ಇಲ್ಲಿಗೆ ಕರಕೊಂಡು ಬಾ. ಕಾಗದ ನೋಡಿ ಏನು ತಿಳೀತೈತಿ ಅವರಿಗೆ? ಬಾವಿ ನೋಡಲಿ."

ಗೌಡರ ಹತ್ತಿರ ಹೋಗಲು ನನಗೆ ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಮಣ್ಣಿನ ಗುಡ್ಡೆಗಳು ದಡದುದ್ದಕ್ಕೂ ಬಿದ್ದಿದ್ದವು. ಮನೆಯ ಹೊರಗಟ್ಟೆಯ ಮೇಲೆ ಕೂತು ಪುಸ್ತಕ ಬಿಚ್ಚಿ ಒಂದೊಂದೇ ವಾರ ಓದಿ ಹೇಳಿದೆ. ಕಟ್ಟೆ ಇಷ್ಟು ಇಳಿಯಿತು, ಇಂಥವರ ಬಾವಿ ಇಷ್ಟು ಏರಿತು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಅಂದ್ರ ನಮ್ಮಪ್ಪನ ನೀರು ಇಷ್ಟು ವರ್ಷ ಇವರು ಉಣ್ಣಾಕತ್ತಾರ. ಮ್ಯಾಲೆ ನಗತಾರ. ಛಲೋ ಸಾಬೀತು ಮಾಡಿದಿ ತಂಗಿ."

ನಾನು ಹೆದರಿದ್ದು ಇದೇ ಮಾತಿಗೆ. ಆದರೂ ಹುಲಿಗೆವ್ವ ಹೇಳಿ ಕಳಿಸಿದ್ದನ್ನು ಹೇಳಿದೆ. "ಒಮ್ಮೆ ಬಂದು ನೋಡ್ರಿ ಗೌಡ್ರ. ಆಮ್ಯಾಲೆ ನಿಮ್ಮ ಮಣ್ಣು ನೀವು ಹಾಸ್ರಿ."

"ನಾ ಯಾಕ ಬರಲಿ ಅಲ್ಲಿಗೆ?"

"ನಿಮ್ಮ ನೀರು ಅಂತ ನೀವ ಅಂದ್ರಲ್ರಿ."

ಅವರು ಎದ್ದು ಒಳಗೆ ಹೋದರು. ಮಾತು ಮುಗಿಯಿತೆಂದುಕೊಂಡು ನಾನೂ ಎದ್ದೆ. ಅವರು ಬಡಿಗೆ ಹಿಡಿದು ಹೊರಬಂದರು.

ಏಪ್ರಿಲ್ ಬಿಸಿಲು. ಊರು ದಾಟಿ, ಕೇರಿಯ ಬದಿಯಿಂದ, ಅವರು ಎಂದೂ ನಡೆಯದ ಕಾಲುಹಾದಿಯಲ್ಲಿ ನಾವಿಬ್ಬರೂ ಇಳಿದೆವು. ಹೊಲಗಳಲ್ಲಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಹುಲಿಗೆವ್ವ ಸೆರಗು ಹೊದ್ದು ದಂಡೆಯ ಬಳಿ ನಿಂತಿದ್ದಳು. "ಬರ್ರಿ" ಎಂದಳು. ಮೆಟ್ಟಿಲ ಕಡೆ ಕೈ ತೋರಿಸಿದಳು.

ಇಡೀ ವರ್ಷ ಹಗ್ಗ ಇಳಿಬಿಟ್ಟ ಆ ಬಾವಿಗೆ ನಾನೂ ಒಮ್ಮೆಯೂ ಇಳಿದಿರಲಿಲ್ಲ. ಅಂದು ಗೌಡರ ಹಿಂದೆ ಇಳಿದೆ. ಮೇಲಿನ ಆರೇಳು ಮೆಟ್ಟಿಲು ಕಾದು ಅಂಗಾಲು ಸುಟ್ಟವು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಗಾಳಿ ಬದಲಾಯಿತು. ಹದಿನೈದಕ್ಕೆ ಬೆಳಕು ಹಸಿರಾಯಿತು. ಆ ವಾಸನೆ ಮೂಗು ತುಂಬಿತು. ಮೇಲಿನ ಲೋಕದ ಸದ್ದೆಲ್ಲ ಯಾರೋ ಬಾಗಿಲು ಹಾಕಿದಂತೆ ನಿಂತಿತು. ಕೆಳಗಿನ ಮೆಟ್ಟಿಲ ಮೇಲೆ ಕೂತೆವು. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು. ಎದುರಿನ ಬಂಡೆಯಲ್ಲಿ, ಕಟ್ಟೆ ಇರುವ ದಿಕ್ಕಿನಲ್ಲಿ, ಓರೆಯಾಗಿ ಒಂದು ಬಿರುಕು. ಕೈಬೆರಳು ಹೋಗುವಷ್ಟು ಅಗಲವೂ ಇಲ್ಲ. ಅದರ ಉದ್ದಕ್ಕೂ ನೀರು ಬೆವರಿನಂತೆ ಒಸರಿ, ಹನಿಗೂಡಿ, ಜಾರಿ, ಕೆಳಗಿನ ನೀರಿಗೆ ಬೀಳುತ್ತಿತ್ತು. ಒಂದು ಹನಿ. ಮತ್ತೊಂದು. ನಿಲ್ಲದೆ, ಅವಸರವಿಲ್ಲದೆ. ಹೊರಗೆ ನೆಲ ಬಿರಿಯುವ ಬಿಸಿಲಿನಲ್ಲಿ ಭಾದ್ರಪದದ ಮಳೆ ಇನ್ನೂ ಬೀಳುತ್ತಿತ್ತು.

ಗೌಡರು ಮುಂದೆ ಬಾಗಿ ಬಿರುಕಿಗೆ ಅಂಗೈ ಒಡ್ಡಿದರು. ಅಂಗೈ ತುಂಬಲು ಬಹಳ ಹೊತ್ತು ಬೇಕಾಯಿತು. ಅವರು ಕೈ ತೆಗೆಯಲಿಲ್ಲ. ತುಂಬಿದ ಮೇಲೆ ಬಾಯಿಗೆ ಒಯ್ದು ಕುಡಿದರು.

ನಾನು ತಲೆಯೆತ್ತಿ ನೋಡಿದೆ. ಮೇಲೆ ದಂಡೆಯ ಅಂಚಿನಲ್ಲಿ ಹುಲಿಗೆವ್ವನ ಮುಖ. ಗೌಡರ ಮನೆತನದವರು ಕೇರಿಯ ಬಾವಿಯ ನೀರು ಕುಡಿದದ್ದು ಹಿಂದೆ ಎಂದಾದರೂ ಇತ್ತೋ ನಾನು ಕೇಳಲಿಲ್ಲ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

"ಒಣಗಿಲ್ಲ" ಎಂದರು ಗೌಡರು. ಬಾವಿಯೊಳಗೆ ಅವರ ದನಿ ದೊಡ್ಡದಾಗಿ ಕೇಳಿ ಅವರೇ ತಗ್ಗಿಸಿದರು. "ಸಂಕ್ರಾಂತಿಗೆ ಒಣಗತೈತಿ, ಒಣಗತೈತಿ ಅಂತ ಹುಟ್ಟಿದಾಗಿಂದ ಕೇಳೀನಿ. ನಮ್ಮಪ್ಪನೂ ಸಾಯೂತನ ಅದನ್ನ ಹೇಳಿ ಸತ್ತ. ಒಣಗಿಲ್ಲ ತಂಗಿ. ಇಲ್ಲಿ ಬಂದು ಕುಂತೈತಿ. ನನ್ನ ಕಟ್ಟ್ಯಾಗಿದ್ದಾಗ ರಾಡಿ. ಇಲ್ಲಿ ನೋಡು, ತಳದ ಕಲ್ಲು ಕಾಣಾಕತ್ತೈತಿ."

ಅವರು ಎಷ್ಟು ಹೊತ್ತು ಕೂತರೆಂದರೆ ಮೇಲಿನಿಂದ ಹುಲಿಗೆವ್ವ, "ಗೌಡ್ರ, ಆರಾಮದೀರಿಲ್ರಿ?" ಎಂದು ಕೂಗಿದಳು.

ಮೇಲೆ ಬಂದ ಮೇಲೆ ಅವರು ಅವಳನ್ನು ಒಂದೇ ಪ್ರಶ್ನೆ ಕೇಳಿದರು. "ನಿಮಗ ಮೊದ್ಲ ಗೊತ್ತಿತ್ತು?"

"ಗೊತ್ತಿತ್ರಿ."

"ನಾ ಬಂದ್ ಮಾಡ್ತೀನಿ ಅಂತ ಹೇಳಿಲ್ಲ."

"ಹೌದ್ರಿ."

"ಮಾಡ್ತಿದ್ದೆ" ಎಂದು ಒಪ್ಪಿಕೊಂಡು ಬಡಿಗೆ ಊರುತ್ತ ಹೊರಟರು.

ಎರಿಮಣ್ಣನ್ನು ಅವರು ಅಂಗಳಕ್ಕೆ ಹಾಸಲಿಲ್ಲ. ಒಡ್ಡಿನ ಒಳಮೈಗೆ, ಅಲೆ ಬಡಿದು ಮಣ್ಣು ಕೊರೆದಿದ್ದ ಕಡೆ, ಹಚ್ಚಿ ತುಳಿಸಿದರು. ಆಮೇಲೆ ಬಾವಿ ಇದ್ದವರನ್ನೆಲ್ಲ ಕಟ್ಟೆಯ ಮೇಲೆ ಕರೆದು, ಬೇಸಿಗೆಗೆ ಮನೆಗೊಬ್ಬರು ಎಂಟು ದಿನ ಬಂದು ಹೂಳು ತೆಗೆಯಬೇಕು, ತೆಗೆದ ಹೂಳು ತೆಗೆದವರ ಹೊಲಕ್ಕೆ, ಉತ್ತರಿ ಮಳೆಯಲ್ಲಿ ಒಡ್ಡು ಕಾಯಲು ಸರದಿ ಎಂದರು. ಎರಡು ಬಾವಿಗಳ ಒಡೆಯ ಬಸಣ್ಣ ಎಂಬವನು ಎದ್ದು ನಿಂತ. "ನೆಲದಾಗಿನ ನೀರು ಭೂಮಿದು, ಗೌಡ್ರದಲ್ಲ. ಅದಕ್ಕ ನಾ ಯಾಕ ದುಡೀಲಿ?"

"ನಾನೂ ಅದನ್ನ ಹೇಳಾಕತ್ತೀನೋ" ಎಂದರು ಗೌಡರು. "ಭೂಮಿದು. ಭೂಮಿ ಕೆಲಸಕ್ಕ ಬಾ."

ಬಸಣ್ಣ ಬರಲಿಲ್ಲ. ಉಳಿದವರು ಬಂದರು. ಮೊದಲ ಬುಟ್ಟಿ ಹೂಳು ಹೊತ್ತವಳು ಹುಲಿಗೆವ್ವ. ಆ ಎಂಟು ದಿನ ನಾನೂ ಬುಟ್ಟಿ ಹೊತ್ತೆ. ಆಳಕ್ಕೆ ಹೋದಂತೆ ಹೂಳಿನ ಅಡಿಯಲ್ಲಿ ಹರಳುಹರಳಾದ ಸಡಿಲ ನೆಲ ಸಿಕ್ಕಿತು. ಗೌಡರು ಅದರ ಮೇಲೆ ಒಂದು ಕೊಡ ನೀರು ಸುರುವಿದರು. ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದಂತೆ ಕೊಡದಷ್ಟೂ ನೀರು ಒಂದು ಗುಟುಕಿನಂತೆ ಒಳಗೆ ಹೋಯಿತು.

ಮೇ ತಿಂಗಳಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ಒಡ್ಡಿನ ಕೆಳಗಿನ ತಮ್ಮ ಹೊಲದಲ್ಲಿ ಇಪ್ಪತ್ತೈದು ಅಡಿ ಬಾವಿ ತೋಡಿಸಿದರು. ತಳದಲ್ಲಿ ಬರೀ ಬಂಡೆ, ಒಂದು ಬೊಗಸೆ ಪಸೆಯೂ ಇಲ್ಲ. ನನ್ನ ಕೆಲಸದ ಕೊನೆಯ ದಿನ ಅದನ್ನೂ ಅಳೆಯಲು ಹೇಳಿದರು. ಗುಂಡು ಕಲ್ಲಿಗೆ ಬಡಿದು ಠಣ್ ಎಂದಿತು.

"ಏನಂತ ಬರೀತಿ?"

"ನೀರಿಲ್ಲ ಅಂತ ಬರೀತೀನ್ರಿ."

"ಇನ್ನೂ ಬಂದಿಲ್ಲ ಅಂತ ಬರಿ."

ಹಾಗೆಯೇ ಬರೆದು, ಎಲ್ಲರಿಗೂ ಹೇಳಿ ಬಂದೆ. ನನಗೆ ಲಿಂಗಸೂಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸವಾಯಿತು. ಆ ವರ್ಷ ಮಳೆ ಹಿಂದಿನಷ್ಟಾಗಲಿಲ್ಲ, ಕಟ್ಟೆ ಮುಕ್ಕಾಲು ತುಂಬಿತೆಂದು ಹುಲಿಗೆವ್ವ ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಫೈಲುಗಳ ನಡುವೆ ಕೂತಿದ್ದಾಗ ಫೋನು ಬಂತು.

"ತಂಗಿ, ಅಮರೇಗೌಡ ಮಾತಾಡಾಕತ್ತೀನಿ. ನೀ ಏನೂ ಮಾತಾಡಬ್ಯಾಡ. ಕೇಳು."

ಅತ್ತ ಕಡೆ ಒಮ್ಮೆಗೇ ನಿಶ್ಶಬ್ದ. ಅದು ಎಲ್ಲಿಯ ನಿಶ್ಶಬ್ದ ಎಂದು ನನಗೆ ಗೊತ್ತಿತ್ತು. ಫೋನನ್ನು ಕಿವಿಗೊತ್ತಿ ಹಿಡಿದೆ. ಒಂದು ಹನಿ ಬಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಕಲ್ಲಿನ ಮೇಲಲ್ಲ, ನೀರಿನ ಮೇಲೆ.

"ಎಷ್ಟು ಐತ್ರಿ ಗೌಡ್ರ?" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

"ನಿನ್ನ ಹಗ್ಗ ಎಲ್ಲಿಂದ ತರಲಿ? ಹೊಸ ಬಾವ್ಯಾಗ ಇಳದು ನಿಂತೀನಿ. ನನ್ನ ಮೊಣಕಾಲು ಮುಟ್ಟೈತಿ. ಮಳಿ ನಿಂತು ಹದಿನೈದು ದಿನ ಆತವ್ವ, ಇನ್ನೂ ಏರಾಕತ್ತೈತಿ."

ಅವರು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.